ಖಾತಾ ಇಲ್ಲದೆ ಪ್ಲಾನ್ ಇಲ್ಲ, ಪ್ಲಾನ್ ಇಲ್ಲದೆ ಮೀಟರ್ ಇಲ್ಲ: ಕಟ್ಟಡ ಪರವಾನಗಿ ಕಿಟಕಿಯ ಆಚೆ–ಈಚೆ

"ಸಾರ್, ಮನೆ ಕಟ್ಟಬೇಕು. ಪ್ಲಾನ್ ಪಾಸ್ ಮಾಡಿಸ್ಬೇಕಿತ್ತು."

"ಖಾತಾ ಯಾರ ಹೆಸರಲ್ಲಿದೆ ಯಜಮಾನ್ರೆ?"

"ನಮ್ಮಪ್ಪನ ಹೆಸರಲ್ಲಿ."

"ಅವರಿದಾರಾ?"

"ಇಲ್ಲ ಸಾರ್, ತೀರಿಕೊಂಡು ಹನ್ನೆರಡು ವರ್ಷ ಆಯ್ತು."

ನಗರಸಭೆ, ಪಟ್ಟಣ ಪಂಚಾಯಿತಿಗಳ ಕಟ್ಟಡ ಪರವಾನಗಿ ಕಿಟಕಿಯಲ್ಲಿ ಮಾತು ಶುರುವಾಗುವುದು ಹೆಚ್ಚುಕಡಿಮೆ ಹೀಗೆ. ಬಂದವರ ಕೈಯಲ್ಲಿ ಇಂಜಿನಿಯರ್ ಬರೆದುಕೊಟ್ಟ ನಕ್ಷೆ ಇರುತ್ತೆ. ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಅಂತ ಕೇಳುತ್ತಾರೆ ಎಂದು ತಯಾರಾಗಿ ಬಂದಿರುತ್ತಾರೆ. ಆದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಮನೆಯದ್ದಲ್ಲ, ನೆಲದ್ದು. ಆ ಪ್ರಶ್ನೆಗೆ ಉತ್ತರ ಸಿಗದೆ ವಾಪಸ್ ಹೋದವರಲ್ಲಿ ಎಷ್ಟೋ ಮಂದಿ ಮುಂದಿನ ತಿಂಗಳು ಪರವಾನಗಿ ಇಲ್ಲದೆಯೇ ಪಾಯ ತೆಗೆಸುತ್ತಾರೆ.

ಇಷ್ಟು ವರ್ಷ ಅದು ನಡೀತಿತ್ತು. ಈಗ ನಡೆಯುವುದು ಕಷ್ಟ. ಯಾಕೆ ಅನ್ನೋದೇ ಈ ಬರಹ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಸಣ್ಣ ಊರುಗಳನ್ನು ಮುಂದಿಟ್ಟುಕೊಂಡು ನೋಡೋಣ. ಯಾಕೆಂದರೆ ಖಾತಾ, ಒಸಿ, ಅಕ್ರಮ-ಸಕ್ರಮ ಅಂದ ಕೂಡಲೇ ನಮ್ಮ ಚರ್ಚೆಯೆಲ್ಲ ಬೆಂಗಳೂರಿಗೆ ಓಡುತ್ತದೆ. ಅದೇ ಕಾನೂನು ಬಯಲುಸೀಮೆಯ ಮಾಳಿಗೆ ಮನೆಯ ಮೇಲೆ ಬಿದ್ದಾಗ ಏನಾಗುತ್ತೆ ಎಂದು ನೋಡುವವರು ಕಡಿಮೆ.

ಪರವಾನಗಿ ಕೊಡೋರು ಯಾರು?

ನಿಮ್ಮ ಸೈಟು ಎಲ್ಲಿದೆ ಅನ್ನೋದರ ಮೇಲೆ ಹೋಗಬೇಕಾದ ಬಾಗಿಲು ಬದಲಾಗುತ್ತದೆ. ಚಳ್ಳಕೆರೆಯಲ್ಲಿ ನಗರಸಭೆ ಇದೆ, ಅದರ ಮುಖ್ಯಸ್ಥರು ಪೌರಾಯುಕ್ತರು. ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯಿತಿ, ಅಲ್ಲಿ ಮುಖ್ಯಾಧಿಕಾರಿ. ಚಳ್ಳಕೆರೆ ತಾಲ್ಲೂಕಿನಲ್ಲೇ ಇರುವ ನಾಯಕನಹಟ್ಟಿಯೂ ಪಟ್ಟಣ ಪಂಚಾಯಿತಿ. ಇವೆಲ್ಲ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿ ನಡೆಯುತ್ತವೆ. ಹೊಸ ಕಟ್ಟಡಕ್ಕೆ ಅನುಮತಿ ಬೇಕು ಅನ್ನೋದು ಆ ಕಾಯ್ದೆಯ 187ನೇ ಕಲಮಿನಲ್ಲಿದೆ. ಊರಿನ ಗಡಿ ದಾಟಿ ಹಳ್ಳಿ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಗ್ರಾಮ ಪಂಚಾಯಿತಿ, ಪಿಡಿಒ. ಅಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಅನ್ವಯ.

ಕಾಗದದ ಹೆಸರೂ ಬದಲಾಗುತ್ತೆ. ಪಟ್ಟಣದಲ್ಲಿ ಇ-ಖಾತಾ ಅಂದರೆ ನಮೂನೆ-3. ಹಳ್ಳಿಯಲ್ಲಿ ಇ-ಸ್ವತ್ತು, ನಮೂನೆ-9 ಮತ್ತು 11. ಬೆಳೆಯುತ್ತಿರುವ ಊರಿನ ಅಂಚಿನಲ್ಲಿ ಸೈಟು ಕೊಂಡವರಿಗೆ ತಮ್ಮ ಜಾಗ ಪಂಚಾಯಿತಿಯದ್ದೋ ನಗರಸಭೆಯದ್ದೋ ಎಂಬುದೇ ಎಷ್ಟೋ ಸಲ ಖಚಿತ ಇರುವುದಿಲ್ಲ. ಅವರನ್ನು ಸರಿಯಾದ ಬಾಗಿಲಿಗೆ ಕಳಿಸುವುದೇ ಕೌಂಟರಿನಲ್ಲಿ ಕೂತವರ ಮೊದಲ ಕೆಲಸ.

ನಾಲ್ಕು ಬಗೆಯ ಅರ್ಜಿದಾರರು

ಕಿಟಕಿಗೆ ಬರುವವರನ್ನು ಅವರ ಕೈಯಲ್ಲಿರುವ ಕಾಗದದಿಂದ ನಾಲ್ಕು ಗುಂಪು ಮಾಡಬಹುದು.

ಮೊದಲನೆಯವರು ಅನುಮೋದಿತ ಬಡಾವಣೆಯಲ್ಲಿ ಸೈಟು ಕೊಂಡವರು. ಜಮೀನು ಭೂಪರಿವರ್ತನೆ ಆಗಿದೆ, ಲೇಔಟ್ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ, ಕ್ರಯಪತ್ರ ನೋಂದಣಿಯಾಗಿದೆ, ಖಾತಾ ಇದೆ. ಇವರ ಅರ್ಜಿ ಸಲೀಸು. ತಂತ್ರಾಂಶ ಇರುವುದೇ ಇವರಿಗಾಗಿ ಅನಿಸುವಷ್ಟು ಸಲೀಸು.

ಎರಡನೆಯವರು ಹಳೇ ಊರಿನವರು, ಅಂದರೆ ಗ್ರಾಮಠಾಣಾ ಜಾಗದಲ್ಲಿ ಮೂರು ತಲೆಮಾರಿನಿಂದ ಇರುವವರು. ಅವರ ಹಕ್ಕನ್ನು ಊರಲ್ಲಿ ಯಾರೂ ಪ್ರಶ್ನಿಸಲ್ಲ. ಆದರೆ ಕಾಗದ ತಾತನ ಹೆಸರಲ್ಲಿ ನಿಂತಿದೆ. ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಬೇಕು. ಹೆಣ್ಣುಮಕ್ಕಳಿಗೂ ಪಾಲಿದೆ. ಹಾಗಾಗಿ ಮೊಳಕಾಲ್ಮೂರಿನ ಅಣ್ಣ ಗಡಿಯಾಚೆ ರಾಯದುರ್ಗಕ್ಕೆ ಕೊಟ್ಟ ತಂಗಿಯ ಸಹಿ ತರಬೇಕಾಗುತ್ತದೆ. ತಂಗಿಗೆ ಈ ಮನೆಯಲ್ಲಿ ತನಗೂ ಹಕ್ಕಿದೆ ಅಂತ ಮೊದಲ ಸಲ ಗೊತ್ತಾಗುವುದು ಹೀಗೆಯೂ ಇರಬಹುದು. ಅದು ತಪ್ಪೇನಲ್ಲ, ಒಳ್ಳೇದೇ. ಆದರೆ ಮನೆ ಕಟ್ಟುವ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಇದೇ ಗುಂಪಿಗೆ ಹೆಸರಿನ ಕಾಟವೂ ಇದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಬೀದಿಗೆ ನಾಲ್ಕು ಜನ ತಿಪ್ಪೇಸ್ವಾಮಿಗಳು ಸಿಗುತ್ತಾರೆ. ಕಂದಾಯದ ಹಳೇ ಪುಸ್ತಕದಲ್ಲಿ 'ತಿಪ್ಪಯ್ಯ', ಆಧಾರ್‌ನಲ್ಲಿ 'ತಿಪ್ಪೇಸ್ವಾಮಿ', ಮತದಾರರ ಪಟ್ಟಿಯಲ್ಲಿ 'ತಿಪ್ಪೇಸ್ವಾಮಿ ಬಿ'. ಊರಿಗೆಲ್ಲ ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ಮೂವರು.

ಮೂರನೆಯವರು ರೆವಿನ್ಯೂ ಸೈಟಿನವರು. ಹೊಲವನ್ನು ಭೂಪರಿವರ್ತನೆ ಮಾಡಿಸದೆ, ಲೇಔಟ್ ಒಪ್ಪಿಗೆ ಇಲ್ಲದೆ ಮೂವತ್ತು-ನಲವತ್ತರ ತುಂಡು ಮಾಡಿ ಮಾರಿದ್ದಾರೆ. ಕೊಂಡವರಲ್ಲಿ ಎಣ್ಣೆ ಮಿಲ್ಲಿನ ಕೂಲಿಯವರಿದ್ದಾರೆ, ಆಟೋ ಓಡಿಸುವವರಿದ್ದಾರೆ, ಹಳ್ಳಿ ಬಿಟ್ಟು ಮಕ್ಕಳ ಓದಿಗೆಂದು ಪೇಟೆ ಸೇರಿದವರಿದ್ದಾರೆ. ಅನುಮೋದಿತ ಬಡಾವಣೆಯ ಬೆಲೆ ಕೈಗೆಟುಕದ್ದಕ್ಕೆ ಇಲ್ಲಿ ಕೊಂಡರು. 2025ರಲ್ಲಿ ರಾಜ್ಯ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಜನ ಸಾಲುಗಟ್ಟಿ ನಿಂತು ಮಾಡಿಸಿಕೊಂಡರು. ಆದರೆ ಬಿ-ಖಾತಾ ಆಸ್ತಿಯನ್ನು ತೆರಿಗೆ ಲೆಕ್ಕಕ್ಕೆ ತರುವ ದಾಖಲೆ. ಅದರಿಂದ ಬಡಾವಣೆ ಸಕ್ರಮ ಆಗಲ್ಲ. "ಖಾತಾ ಕೊಟ್ರಲ್ಲ, ಈಗ ಪ್ಲಾನ್ ಕೊಡಿ" ಅಂತ ಬಂದವರಿಗೆ ಇದನ್ನು ಬಿಡಿಸಿ ಹೇಳುವುದು ಕೌಂಟರಿನ ಅತಿ ಕಷ್ಟದ ಕೆಲಸಗಳಲ್ಲೊಂದು. ಕೊಟ್ಟವರೂ ಸರ್ಕಾರ, ಆಗಲ್ಲ ಅನ್ನುವವರೂ ಸರ್ಕಾರ.

ನಾಲ್ಕನೆಯವರು ಹಕ್ಕುಪತ್ರದವರು. ಆಶ್ರಯ ನಿವೇಶನ, ಕೊಳೆಗೇರಿ ಮಂಡಳಿಯ ಹಕ್ಕುಪತ್ರ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಭೂಕಂದಾಯ ಕಾಯ್ದೆಯ 94-ಸಿಸಿ ಅಡಿ ಸಿಕ್ಕ ಕಾಗದ ಎಲ್ಲ ಇದರಲ್ಲಿ ಬರುತ್ತವೆ. ಮೂಲ ಫಲಾನುಭವಿಯೇ ಇದ್ದರೆ ದಾರಿ ಇದೆ. ಆದರೆ ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಇದ್ದರೂ ಛಾಪಾ ಕಾಗದದ ಮೇಲೆ ಕೈ ಬದಲಾದ ಸೈಟುಗಳು ಎಲ್ಲ ಊರಲ್ಲೂ ಇವೆ. ದುಡ್ಡು ಕೊಟ್ಟವರು ಇವರು, ದಾಖಲೆಯಲ್ಲಿರುವವರು ಬೇರೆ.

ಈ ನಾಲ್ಕರಲ್ಲಿ ಮೂರು ಗುಂಪಿನವರ ಸಮಸ್ಯೆ ಕಟ್ಟಡದ್ದೇ ಅಲ್ಲ. ಭೂದಾಖಲೆ ಸರಿಯಾಗದೆ ಉಳಿದ ಎಲ್ಲ ಬಾಕಿಯೂ ಕೊನೆಗೆ ಬಂದು ನಿಲ್ಲುವುದು ಕಟ್ಟಡ ಪರವಾನಗಿಯ ಕಿಟಕಿಯಲ್ಲಿ. ಅಲ್ಲಿ ಕೂತವರ ಕೈಯಲ್ಲಿ ಆ ಬಾಕಿ ತೀರಿಸುವ ಅಧಿಕಾರ ಇಲ್ಲ.

ನಕ್ಷೆ ಹೇಳುವ ಮನೆ, ಇರುವ ಮನೆ

ಕಾಗದ ಸರಿ ಇದ್ದರೆ ಮುಂದಿನದು ನಕ್ಷೆ. ಪರವಾನಗಿ ಪಡೆದ ಇಂಜಿನಿಯರ್ ಬರೆದುಕೊಡಬೇಕು. ಮುಂದೆ, ಹಿಂದೆ, ಪಕ್ಕದಲ್ಲಿ ಇಷ್ಟಿಷ್ಟು ಜಾಗ ಬಿಡಬೇಕು ಅಂತ ನಿಯಮ ಇದೆ. ಜನರ ಬಾಯಲ್ಲಿ ಅದು ಸೆಟ್‌ಬ್ಯಾಕ್. ಹಳೇ ಬೀದಿಯ ಹನ್ನೆರಡು ಅಡಿ ಅಗಲದ ಸೈಟಿನಲ್ಲಿ ಎರಡೂ ಕಡೆ ಜಾಗ ಬಿಟ್ಟರೆ ಉಳಿಯುವುದು ಓಣಿ. ಮಣ್ಣಿನ ಮಾಳಿಗೆ ಮನೆಗಳು ಗೋಡೆಗೆ ಗೋಡೆ ಆನಿಸಿಕೊಂಡು ನಿಂತ ಬೀದಿಗಳಿವು. ಬಿಸಿಲಿಗೆ, ಜಾಗದ ಕೊರತೆಗೆ ಜನ ಕಂಡುಕೊಂಡ ಉಪಾಯ ಅದು. ಅಂಥ ಒಂದು ಮಾಳಿಗೆ ಬಿಚ್ಚಿ ಆರ್‌ಸಿಸಿ ಹಾಕಬೇಕು ಅಂದರೆ, ಹೊಸ ಬಡಾವಣೆಯ ಚೌಕಟ್ಟನ್ನು ಕಣ್ಣಮುಂದಿಟ್ಟುಕೊಂಡು ಬರೆದ ನಿಯಮ ಎದುರಾಗುತ್ತದೆ.

ಹೀಗಾಗಿ ಎರಡು ಮನೆ ಹುಟ್ಟುತ್ತವೆ. ಪಾಸಾಗಲು ಬರೆದ ನಕ್ಷೆಯ ಮನೆ ಒಂದು, ಮೇಸ್ತ್ರಿ ಕಟ್ಟುವ ಮನೆ ಇನ್ನೊಂದು. ಇದು ಎಲ್ಲರಿಗೂ ಗೊತ್ತಿದೆ, ಯಾರೂ ಹೇಳಲ್ಲ.

ಮೊಳಕಾಲ್ಮೂರಿನಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಪಡೆದ ರೇಷ್ಮೆ ಸೀರೆಯ ಊರು ಅದು. ಕೈಮಗ್ಗದ ನೇಕಾರನಿಗೆ ಮನೆಯೇ ಕಾರ್ಖಾನೆ. ಮಗ್ಗ ಹೂಡಲು ಉದ್ದನೆಯ ಕೋಣೆ ಬೇಕು. ಕುಣಿಮಗ್ಗವಾದರೆ ನೆಲದಲ್ಲಿ ಕುಣಿ, ಸಾಲದ್ದಕ್ಕೆ ಒಳ್ಳೆ ಬೆಳಕು. ಆದರೆ ನಕ್ಷೆಯಲ್ಲಿ ಆ ಕೋಣೆಗೆ ಸಿಗುವ ಹೆಸರು 'ಹಾಲ್'. ಮಗ್ಗ ಅಂತ ಬರೆದರೆ ವಾಣಿಜ್ಯ ಅಂದುಬಿಟ್ಟಾರು, ತೆರಿಗೆ ಜಾಸ್ತಿ ಆದೀತು ಎಂಬ ಭಯ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಏನಾಗುತ್ತೆ, ಆಗಲ್ಲ ಎಂದು ಕೌಂಟರಿನಲ್ಲಿ ಯಾರಾದರೂ ಬಿಡಿಸಿ ಹೇಳಿದ್ದರೆ ಈ ಸುಳ್ಳು ಬೇಕಾಗುತ್ತಿರಲಿಲ್ಲ.

ಶುಲ್ಕದ ವಿಷಯದಲ್ಲೂ ಹೀಗೇ. ಪರವಾನಗಿ ಶುಲ್ಕದ ಜೊತೆ ಕಾರ್ಮಿಕ ಸೆಸ್ ಅಂತ ಒಂದು ಇದೆ, ನಿರ್ಮಾಣ ವೆಚ್ಚದ ಶೇ. 1. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುವ ಹಣ ಅದು. ಗಾರೆ ಕೆಲಸದವರ ಮಕ್ಕಳ ವಿದ್ಯಾರ್ಥಿವೇತನ ಬರುವುದು ಇದರಿಂದಲೇ. ಆದರೆ ಒಟ್ಟು ವೆಚ್ಚ 50 ಲಕ್ಷ ರೂಪಾಯಿ ಮೀರದ, ಸ್ವಂತ ವಾಸದ ಮನೆಗೆ ಈ ಸೆಸ್ ಇಲ್ಲ. ಎಷ್ಟು ಅರ್ಜಿದಾರರಿಗೆ ಇದು ಗೊತ್ತು?

ಈಗ ಯಾಕೆ ಇದು ಜೀವನ್ಮರಣದ ಪ್ರಶ್ನೆ?

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸದ ನಿವೇಶನದಲ್ಲಿ ಅನುಮತಿ ಇಲ್ಲದೆ ಕಟ್ಟಿದ ಅಂಗಡಿಗಳ ಪ್ರಕರಣ ಅದು. ಕಟ್ಟಡ ನಕ್ಷೆಯಂತೆ ಇದೆ ಎಂಬ ಮುಕ್ತಾಯ ಪ್ರಮಾಣಪತ್ರ ಅಥವಾ ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ತೋರಿಸಿದ ಮೇಲಷ್ಟೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಪೀಠ ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿತು. ಬ್ಯಾಂಕುಗಳೂ ಇದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು.

2025ರಲ್ಲಿ ಇದು ಕರ್ನಾಟಕದ ಮನೆಗಳಿಗೆ ತಟ್ಟಿತು. ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ಮೀಟರ್ ಕೊಡುವುದು ನಿಂತಿತು. ಬೆಸ್ಕಾಂ ಅಂದರೆ ಬೆಂಗಳೂರು ಅಂದುಕೊಳ್ಳುತ್ತೇವೆ. ಚಿತ್ರದುರ್ಗ ಜಿಲ್ಲೆಯೂ ಅದರ ವ್ಯಾಪ್ತಿಗೇ ಬರುತ್ತದೆ. ಜನರ ಒತ್ತಡಕ್ಕೆ ಮಣಿದು ಸರ್ಕಾರ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಡುವ ದಾರಿ ಹುಡುಕಿತು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಇಂಥ ವಿನಾಯಿತಿ ಬಂತು. ಆದರೆ ಒಂದು ಮಾತು ಗಮನಿಸಿ: ಒಸಿ ವಿನಾಯಿತಿ ಬೇರೆ, ಕಟ್ಟಡ ಪರವಾನಗಿ ಬೇರೆ. ಒಸಿ ಮನೆ ಮುಗಿದ ಮೇಲಿನ ಕಾಗದ, ಪರವಾನಗಿ ಪಾಯಕ್ಕೂ ಮುಂಚಿನದು. ಕೊನೆಯ ಕಾಗದ ಮನ್ನಾ ಮಾಡಿದರೆ ಮೊದಲನೆಯದು ತಾನಾಗಿ ಬರಲ್ಲ.

ಮೊದಲು ಪರವಾನಗಿ ಇಲ್ಲದಿದ್ದರೆ ಹೆಚ್ಚೆಂದರೆ ನೋಟಿಸ್ ಬರುತ್ತಿತ್ತು, ದಂಡ ಕಟ್ಟಿದರೆ ಮುಗೀತಿತ್ತು. ಈಗ ಹಾಗಲ್ಲ. ಮೀಟರ್ ಇಲ್ಲದ ಮನೆಗೆ ಗೃಹಜ್ಯೋತಿ ಇಲ್ಲ. ಬ್ಯಾಂಕ್ ಸಾಲ ಸಿಗದವರು ಬಡ್ಡಿಯವರ ಹತ್ತಿರ ಹೋಗುತ್ತಾರೆ. ಗ್ಯಾರಂಟಿ ಯೋಜನೆಗಳ ಬಗ್ಗೆ ನಾವು ಗಂಟೆಗಟ್ಟಲೆ ವಾದ ಮಾಡುತ್ತೇವೆ. ಆ ಗ್ಯಾರಂಟಿ ಒಂದು ಮನೆಗೆ ತಲುಪುತ್ತೋ ಇಲ್ಲವೋ ಎನ್ನುವುದು ಇಂಥ ಒಂದು ಕಿಟಕಿಯಲ್ಲೂ ತೀರ್ಮಾನ ಆಗುತ್ತದೆ.

ನಿಯಮವೇ ಬೇಡ ಅನ್ನೋಣವಾ?

ಬೇಡ ಅನ್ನುವುದು ಸುಲಭ. ಆದರೆ ನಿಯಮ ಇಲ್ಲದಿದ್ದರೆ ಮೊದಲು ಏಟು ಬೀಳುವುದು ಬಡವರಿಗೇ. ರಾಜಕಾಲುವೆ ಮೇಲೆ ಕಟ್ಟಿದರೆ ಮಳೆ ಬಂದಾಗ ನೀರು ನುಗ್ಗುವುದು ತಗ್ಗಿನ ಮನೆಗೆ. ಬಯಲುಸೀಮೆಯಲ್ಲಿ ಮಳೆ ಅಪರೂಪ ನಿಜ, ಬಂದರೆ ಒಂದೇ ರಾತ್ರಿಯಲ್ಲಿ ಬರುತ್ತದೆ. ಓಣಿಗೆ ಆಂಬುಲೆನ್ಸ್ ಬರಬೇಕು, ಅಗ್ನಿಶಾಮಕದ ಗಾಡಿ ತಿರುಗಬೇಕು. ರೆವಿನ್ಯೂ ಬಡಾವಣೆಯಲ್ಲಿ ಪಾರ್ಕು, ಚರಂಡಿಗೆ ಜಾಗ ಬಿಡದೆ ಲಾಭ ಮಾಡಿಕೊಂಡವರು ಸೈಟು ಮಾರಿದವರು. ಅನುಭವಿಸುತ್ತಿರುವವರು ಕೊಂಡವರು.

ಒಂದೇ ಏಟಿಗೆ ಎಲ್ಲ ಸಕ್ರಮ ಮಾಡುವ ದಾರಿಯನ್ನೂ ರಾಜ್ಯ ನೋಡಿದೆ. ಅಕ್ರಮ-ಸಕ್ರಮ ಯೋಜನೆಯನ್ನು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. "ಸಕ್ರಮ ಬರುತ್ತೆ, ಈಗ ಕಟ್ಟಿಬಿಡಿ" ಎಂದು ಆಗ ಹೇಳಿದವರ ಮಾತು ನಂಬಿದವರು ಇನ್ನೂ ಕಾಯುತ್ತಿದ್ದಾರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ನಿಯಮ ಪಾಲಿಸಬೇಕು ಅಂತ ಬಂದವರಿಗೆ ಅದನ್ನು ಪಾಲಿಸಲು ಯಾರು ನೆರವಾಗುತ್ತಿದ್ದಾರೆ?

ಕಿಟಕಿಯ ಆಚೆ ಕೂತವರು

ಸಣ್ಣ ಊರಿನ ಕಚೇರಿಯಲ್ಲಿ ಪರವಾನಗಿ ಕೌಂಟರ್ ಅಂದರೆ ಬಹುತೇಕ ಒಬ್ಬ ವಿಷಯ ನಿರ್ವಾಹಕ ಅಥವಾ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಅರ್ಜಿ ಆನ್‌ಲೈನ್. ಕಡತ ಅಲ್ಲಿಂದ ಕಂದಾಯ ವಿಭಾಗಕ್ಕೆ, ಜೆಇ ಸ್ಥಳ ಪರಿಶೀಲನೆಗೆ, ಕೊನೆಗೆ ಪೌರಾಯುಕ್ತರ ಅಥವಾ ಮುಖ್ಯಾಧಿಕಾರಿಯ ಲಾಗಿನ್‌ಗೆ ಹೋಗುತ್ತದೆ. ಆಪರೇಟರ್ ಕೈಯಲ್ಲಿ ಒಪ್ಪಿಗೆ ಕೊಡುವ ಅಧಿಕಾರ ಇಲ್ಲ, ನಿರಾಕರಿಸುವ ಅಧಿಕಾರವೂ ಇಲ್ಲ. ಬೈಸಿಕೊಳ್ಳುವ ಕೆಲಸ ಮಾತ್ರ ಪೂರ್ತಿ ಅವರದ್ದು. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಇಡೀ ಊರಿಗೆ ಭೂಕಾನೂನು ಬಿಡಿಸಿ ಹೇಳಬೇಕು. ಇಲ್ಲಿ ಬರುವವರಲ್ಲಿ ಮನೆಮಾತು ತೆಲುಗು ಇರುವವರೂ ಬಹಳ. ಕನ್ನಡದ ಕಚೇರಿ ಪದಗಳನ್ನು ಮೊದಲು ಆಡುಗನ್ನಡಕ್ಕೆ, ಆಮೇಲೆ ತೆಲುಗಿಗೆ ಇಳಿಸಿ ಹೇಳುವುದೂ ಇವರೇ.

ಆ ವಿವರಣೆಗೆ ಕಚೇರಿ ಯಾವ ಬೆಲೆಯನ್ನೂ ಕೊಡಲ್ಲ. ಎಷ್ಟು ಕಡತ ವಿಲೇವಾರಿ ಆಯ್ತು ಅನ್ನುವುದಕ್ಕೆ ಲೆಕ್ಕ ಇದೆ, ಎಷ್ಟು ಜನಕ್ಕೆ ಅರ್ಥವಾಗುವಂತೆ ಹೇಳಿದ್ದೀರಿ ಅನ್ನುವುದಕ್ಕೆ ಇಲ್ಲ. ಎದುರಿಗೆ ಹತ್ತು ಜನ ನಿಂತಿರುವಾಗ ಒಬ್ಬ ಅಜ್ಜಿಗೆ ಪೌತಿ ಖಾತೆ ಅಂದರೇನು ಅಂತ ಕಾಲು ಗಂಟೆ ಹೇಳಿದರೆ ಅದು ಕೆಲಸದಲ್ಲಿ ಸೇರಲ್ಲ.

ದಲ್ಲಾಳಿ ಹುಟ್ಟುವುದು ಈ ಜಾಗದಲ್ಲಿ. ನಾವು ಭ್ರಷ್ಟಾಚಾರ ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆದರೆ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಮಧ್ಯವರ್ತಿ ಮಾರುವ ಮೊದಲ ಸರಕು ಲಂಚ ಅಲ್ಲ, ಮಾಹಿತಿ. "ಮೊದಲು ಇದು, ಆಮೇಲೆ ಅದು, ಈ ಕಾಗದ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತೆ" ಎಂದು ತಾಳ್ಮೆಯಿಂದ ಹೇಳುವ ಏಕೈಕ ಮನುಷ್ಯ ಅವನೇ ಆಗಿರುತ್ತಾನೆ. ಪುಕ್ಕಟೆ ಸಿಗಬೇಕಾದ ಉತ್ತರ ಕೌಂಟರಿನಲ್ಲಿ ಸಿಗದಿದ್ದಾಗ ಅದಕ್ಕೆ ಹೊರಗೆ ಬೆಲೆ ಕಟ್ಟಲಾಗುತ್ತದೆ. ಲಂಚ ಬರುವುದು ಅದರ ಹಿಂದೆ.

ಹಾಗಾಗಿ ತಂತ್ರಾಂಶ ಒಂದರಿಂದಲೇ ದಲ್ಲಾಳಿ ಹೋಗುವುದಿಲ್ಲ. ಅರ್ಜಿ ಆನ್‌ಲೈನ್ ಆದಾಗ ಅವನು ಲ್ಯಾಪ್‌ಟಾಪ್ ಕೊಂಡ, ಅಷ್ಟೇ.

ನೀವು ಏನು ಮಾಡಬಹುದು?

ಮನೆಯಲ್ಲಿ ಫೋನ್ ಓದಲು ಬರುವವರು ನೀವಾದರೆ ಈ ಕೆಲಸ ನಿಮ್ಮ ಪಾಲಿಗೇ ಬರುತ್ತದೆ. ಹಾಗಾಗಿ ನಾಲ್ಕು ಮಾತು.

ನಕ್ಷೆಗೆ ದುಡ್ಡು ಕೊಡುವ ಮೊದಲು ಖಾತಾ ನೋಡಿ. ಯಾರ ಹೆಸರು, ಅಳತೆ ಎಷ್ಟು, ಚೆಕ್ಕುಬಂದಿ ಕ್ರಯಪತ್ರದಲ್ಲಿ ಇದ್ದಂತೆಯೇ ಇದೆಯಾ, ಎ ಅಥವಾ ಬಿ ಯಾವ ಖಾತಾ ಎಂದು ಖಚಿತ ಮಾಡಿಕೊಳ್ಳಿ. ತಂದೆ-ತಾಯಿ ಇರುವಾಗಲೇ ಹೆಸರಿನ ತಪ್ಪು ಸರಿ ಮಾಡಿಸಿ. ಅವರು ಹೋದ ಮೇಲೆ ಅದೇ ಕೆಲಸ ಹತ್ತು ಪಟ್ಟು ಕಷ್ಟ.

ಅರ್ಜಿ ಕೊಟ್ಟರೆ ಸಕಾಲ ಸ್ವೀಕೃತಿ ಕೇಳಿ. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ದಿನದ ಗಡುವು ಇದೆ, ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಇದ್ದರೆ ನಿಮ್ಮ ಅರ್ಜಿ ಕಳೆದುಹೋಗಲ್ಲ.

"ಆಗಲ್ಲ" ಅಂದರೆ ಯಾಕೆ ಅಂತ ಬರಹದಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಇಲ್ಲ.

ಕೆಡವುತ್ತೇವೆ ಎಂದು ಹೆದರಿಸಿದರೆ ನೆನಪಿಡಿ: 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮೊದಲು ಕಾರಣ ಕೇಳುವ ನೋಟಿಸ್ ಕೊಡಬೇಕು, ಉತ್ತರಿಸಲು ಕನಿಷ್ಠ 15 ದಿನ ಬಿಡಬೇಕು. ರಸ್ತೆ, ಕಾಲುದಾರಿ, ಜಲಮೂಲಗಳ ಮೇಲಿನ ಒತ್ತುವರಿಗೆ ಈ ರಕ್ಷಣೆ ಇಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ

ಸ್ಥಳೀಯ ಸಂಸ್ಥೆಗಳಿಂದ ಮೂರು ಕೇಳೋಣ. ಒಂದು, ವಾರಕ್ಕೆ ಎರಡು ದಿನವಾದರೂ ಅರ್ಜಿಗೆ ಮುಂಚಿನ ಸಲಹೆ ಕೊಡಲೆಂದೇ ಒಬ್ಬರು ಕೂರಲಿ. ಅದು ಅವರ ಕೆಲಸದ ಲೆಕ್ಕಕ್ಕೆ ಸೇರಲಿ. ಎರಡು, ತಿರಸ್ಕೃತ ಅರ್ಜಿಗಳ ಕಾರಣಗಳನ್ನು ಹೆಸರು ಬಿಟ್ಟು ಪ್ರತಿ ತಿಂಗಳು ಕನ್ನಡದಲ್ಲಿ ಗೋಡೆಗೆ ಹಚ್ಚಲಿ. ಯಾವ ಕಾಗದಕ್ಕೆ ಊರು ಎಡವುತ್ತಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಮೂರು, ಹಳೇ ಬೀದಿಗಳಿಗೆ ವಾರ್ಡ್ ಮಟ್ಟದ ಪೌತಿ ಖಾತೆ ಶಿಬಿರ ನಡೆಯಲಿ. ಬಿ-ಖಾತಾಗೆ ಅಭಿಯಾನ ಮಾಡಲು ಆಗಿದ್ದರೆ ಇದಕ್ಕೂ ಆಗುತ್ತದೆ.

ಸ್ಥಳೀಯ ಚುನಾವಣೆ ಬಂದಾಗ ವಾರ್ಡಿನ ಅಭ್ಯರ್ಥಿ ರಸ್ತೆ, ಬೋರ್‌ವೆಲ್, ಬೀದಿದೀಪದ ಬಗ್ಗೆ ಮಾತಾಡುತ್ತಾರೆ. ಪರವಾನಗಿ ಕಿಟಕಿಯ ಬಗ್ಗೆ ಅವರನ್ನು ಯಾರೂ ಕೇಳಲ್ಲ. ಈ ಸಲ ಕೇಳಿ: "ನಮ್ಮಪ್ಪ ಅಲ್ಲಿಗೆ ಹೋದರೆ ಕೂರಿಸಿಕೊಂಡು ಹೇಳೋರು ಯಾರು?"